ತುಮಕೂರಿನ ಪುಸ್ತಕ ಮೇಳ: ಲೇಖಕರನ್ನು ನೋಡಬೇಕಿದ್ದರೆ ವೇದಿಕೆಗಲ್ಲ, ಮಳಿಗೆಗೆ ಹೋಗಿ

ಈ ಸಲದ ಮೇಳದಲ್ಲಿ ಪುಸ್ತಕಗಳು ಚೆನ್ನಾಗಿದ್ದವು, ಜನವೂ ಚೆನ್ನಾಗಿ ಬಂದರು. ಆದರೆ ಪುಸ್ತಕ ಬರೆದವರನ್ನು ಎಲ್ಲಿ ಕೂರಿಸಬೇಕು, ಎಷ್ಟು ಹೊತ್ತು ಮಾತಾಡಲು ಬಿಡಬೇಕು ಅನ್ನೋದನ್ನು ನಡೆಸಿದವರು ಯೋಚನೆ ಮಾಡಿದ ಹಾಗೆ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಸಲ ಹೋಗುವವರಿಗೂ ಉಪಯೋಗ ಆಗಲಿ, ನಡೆಸುವವರ ಕಣ್ಣಿಗೂ ಬೀಳಲಿ.

ಮಳಿಗೆ ಎಷ್ಟಿದ್ದವು, ರಿಯಾಯಿತಿ ಎಷ್ಟು ಅನ್ನೋದನ್ನು ಬೇರೆಯವರೂ ಬರೆಯುತ್ತಾರೆ. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಒಬ್ಬ ಕಥೆಗಾರ್ತಿಯ ಬಗ್ಗೆ. ಅವರು ಮಧುಗಿರಿ ಕಡೆಯವರು, ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಎರಡು ಕಥಾ ಸಂಕಲನ, ಒಂದು ಸಣ್ಣ ಕಾದಂಬರಿ ಬಂದಿದೆ. ಮೇಳದಲ್ಲಿ ಅವರು ಶುಕ್ರವಾರ ಸಂಜೆ ವೇದಿಕೆ ಮೇಲಿದ್ದರು, ಶನಿವಾರ ಮಧ್ಯಾಹ್ನ ತಮ್ಮ ಪ್ರಕಾಶಕರ ಮಳಿಗೆಯಲ್ಲಿ ಕೂತಿದ್ದರು, ಭಾನುವಾರ ಬೆಳಗ್ಗೆ ಕಾಲೇಜು ಹುಡುಗರ ಜೊತೆ ಮಾತಾಡಿದರು. ಮೂರಕ್ಕೂ ನಾನಿದ್ದೆ. ಅವರ ಹೆಸರು ಹಾಕುತ್ತಿಲ್ಲ. ನಾಳೆ ಅವರು ಇದೇ ಊರಲ್ಲಿ, ಇದೇ ಜನರ ಜೊತೆ ಇನ್ನೊಂದು ಕಾರ್ಯಕ್ರಮಕ್ಕೆ ಬರಬೇಕು. ನಾನು ಬರೆದದ್ದರಿಂದ ಅವರಿಗೆ ಇರುಸುಮುರುಸು ಆಗಬಾರದು.

ಮೊದಲು ಜಾಗದ ವಿಷಯ ಮುಗಿಸಿಬಿಡುತ್ತೇನೆ. ಮೇಳ ಇದ್ದದ್ದು ಬಿ.ಎಚ್. ರಸ್ತೆಗೆ ಹತ್ತಿರದ ಮೈದಾನದಲ್ಲಿ. ಬಸ್ ಸ್ಟ್ಯಾಂಡಿನಿಂದ ನಡೆದೇ ಬರಬಹುದು, ಇದು ದೊಡ್ಡ ಅನುಕೂಲ. ನಮ್ಮ ಜಿಲ್ಲೆಯಲ್ಲಿ 10 ತಾಲ್ಲೂಕು, ಪಾವಗಡದಿಂದ ಬರುವವರು ನೂರು ಕಿಲೋಮೀಟರ್ ಬಸ್ಸಲ್ಲಿ ಕೂತು ಬರಬೇಕು, ಅಂಥವರು ಇಳಿದ ಮೇಲೆ ಮತ್ತೆ ಆಟೋ ಹುಡುಕುವ ಹಾಗಿರಬಾರದು ಅಲ್ವಾ. ಪ್ರವೇಶ ಉಚಿತ. ಬೈಕ್ ನಿಲ್ಲಿಸಲು ಜಾಗ ಇತ್ತು, ಕಾರಿನವರಿಗೆ ಕಷ್ಟ. ನೆಲಕ್ಕೆ ಮ್ಯಾಟ್ ಹಾಕಿದ್ದರು, ಆದರೆ ಮಳಿಗೆಗಳ ಹಿಂದಿನ ಸಾಲಿನ ಹತ್ತಿರ ಧೂಳು ಜಾಸ್ತಿ, ಅಲ್ಲಿದ್ದ ಅಂಗಡಿಯವರು ದಿನವಿಡೀ ಬಟ್ಟೆ ಹಿಡಿದು ಪುಸ್ತಕ ಒರೆಸುತ್ತಿದ್ದರು. ಕುಡಿಯೋ ನೀರಿನ ಕ್ಯಾನ್ ಇಟ್ಟಿದ್ದರು, ಖಾಲಿಯಾದರೆ ತಕ್ಷಣ ಬದಲಾಯಿಸುತ್ತಿದ್ದರು, ಅದಕ್ಕೆ ಮೆಚ್ಚುಗೆ. ಶೌಚಾಲಯ ದೂರ, ಹೆಂಗಸರಿಗೆ ತುಂಬಾ ತೊಂದರೆ ಆಯಿತು. ತಿನ್ನಲು ತಟ್ಟೆ ಇಡ್ಲಿ, ಚುರುಮುರಿ, ಕಾಫಿ ಇತ್ತು. ಊಟಕ್ಕೆ ಹೊರಗೇ ಹೋಗಬೇಕು.

ಇನ್ನು ಶುಕ್ರವಾರದ ಸಂಜೆ.

ಮೈದಾನದ ದ್ವಾರಗಳಿಗೆ ನಮ್ಮ ಜಿಲ್ಲೆಯ ಹಿರಿಯರ ಹೆಸರಿಟ್ಟಿದ್ದರು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ., ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ., ನಾಟಕ ಕಂಪನಿ ನಡೆಸಿ ಇಡೀ ನಾಡು ತಿರುಗಿದ ಗುಬ್ಬಿ ವೀರಣ್ಣ. ನೋಡಿ ಖುಷಿಯಾಯಿತು. ನನ್ನ ಮಗಳು ಎಂಟನೇ ಕ್ಲಾಸು, ಅವಳು 'ಇವರೆಲ್ಲಾ ನಮ್ಮ ಜಿಲ್ಲೆಯವರಾ ಅಪ್ಪಾ?' ಎಂದು ಕೇಳಿದಳು. ದ್ವಾರಕ್ಕೆ ಹೆಸರಿಟ್ಟದ್ದು ಸಾರ್ಥಕ ಅನ್ನಿಸಿತು. ಆದರೆ ಅದೇ ದ್ವಾರದ ಒಳಗೆ ಇವತ್ತು ಬರೆಯುತ್ತಿರುವ ಇದೇ ಜಿಲ್ಲೆಯ ಲೇಖಕಿಗೆ ಸಿಕ್ಕಿದ್ದು ಏನು ಅಂತ ಹೇಳುತ್ತೇನೆ, ಕೇಳಿ.

ಆಹ್ವಾನ ಪತ್ರಿಕೆಯಲ್ಲಿ 'ಸಂಜೆ 5 ಗಂಟೆಗೆ ಲೇಖಕರೊಂದಿಗೆ ಸಂವಾದ' ಅಂತಿತ್ತು. ಐದಕ್ಕೆ ಕುರ್ಚಿಗಳು ಅರ್ಧ ತುಂಬಿದ್ದವು. ವೇದಿಕೆ ಮೇಲೆ ಗಣ್ಯರು ಬಂದು ಕೂರುವ ಹೊತ್ತಿಗೆ ಆರೂ ಕಾಲು. ಆಮೇಲೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಮಾತು, ಇನ್ನೊಬ್ಬ ಮುಖ್ಯ ಅತಿಥಿಗಳ ಮಾತು. ಒಬ್ಬರು ತಮ್ಮ ಭಾಷಣದಲ್ಲಿ ಕನ್ನಡ ಪುಸ್ತಕ ಕೊಂಡು ಓದಬೇಕು ಎಂದರು, ಇನ್ನೊಬ್ಬರೂ ಅದನ್ನೇ ಹೇಳಿದರು. ಕೊಂಡು ಓದಲು ಬಂದವರೇ ಎದುರಿಗೆ ಕೂತಿದ್ದಾರೆ, ಅವರಿಗೆ ಇದನ್ನು ಮತ್ತೆ ಮತ್ತೆ ಹೇಳುವುದರಿಂದ ಏನು ಸಿಗುತ್ತದೋ ನನಗೆ ತಿಳಿಯದು. ಆಮೇಲೆ ಸನ್ಮಾನ ಶುರುವಾಯಿತು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನಮ್ಮ ಲೇಖಕಿಗೂ ಶಾಲು ಹೊದಿಸಿದರು, ಫೋಟೋ ತೆಗೆದರು. ಮಾತಾಡಲು ಅವರನ್ನು ಕರೆದಾಗ ಏಳೂ ಮುಕ್ಕಾಲು.

ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯಿಂದ ಬಂದಿದ್ದವರು ಅಷ್ಟು ಹೊತ್ತಿಗೆ ಎದ್ದು ಹೋಗಿಯಾಗಿತ್ತು. ನನ್ನ ಪಕ್ಕ ಕೂತಿದ್ದ ಇಬ್ಬರು ಹುಡುಗಿಯರು ಬಿ.ಎ. ಓದುವವರು, ಈ ಲೇಖಕಿಯ ಕಥೆ ಕೇಳಬೇಕು ಅಂತಲೇ ಬಂದವರು. ಅವರು ಆರೂವರೆಯಿಂದ ಮೊಬೈಲಿನಲ್ಲಿ ಟೈಮ್ ನೋಡಿ ನೋಡಿ, ಏಳಕ್ಕೆ 'ಬಸ್ ಹೋಗಿಬಿಡತ್ತೆ ಅಂಕಲ್' ಎಂದು ಎದ್ದರು. ಇದು ಸಣ್ಣ ವಿಷಯ ಅಲ್ಲ. ಜಿಲ್ಲಾ ಕೇಂದ್ರದಲ್ಲಿ ಮೇಳ ಮಾಡುವುದೇ ಸುತ್ತಲಿನ ತಾಲ್ಲೂಕಿನವರು ಬರಲಿ ಅಂತ. ಅವರ ಬಸ್ಸಿನ ಹೊತ್ತು ನೋಡದೆ ಕಾರ್ಯಕ್ರಮ ಇಟ್ಟರೆ ಅದು ಪೇಟೆಯವರಿಗೆ ಮಾತ್ರ ಆಗುತ್ತದೆ.

ಸಂವಾದ ನಡೆಸಿಕೊಡಬೇಕಾಗಿದ್ದವರು ಕೈಯಲ್ಲಿ ನಾಲ್ಕು ಹಾಳೆ ಹಿಡಿದುಕೊಂಡು ಬಂದರು. ಪ್ರಶ್ನೆ ಇರಬಹುದು ಅಂದುಕೊಂಡೆ. ಅಲ್ಲ, ಲೇಖನ. ಲೇಖಕಿಯ ಕಥೆಗಳಲ್ಲಿ ಸ್ತ್ರೀಸಂವೇದನೆ ಅನ್ನೋದರ ಬಗ್ಗೆ ಅವರೇ ಬರೆದದ್ದನ್ನು ಪೂರ್ತಿ ಓದಿದರು. ಲೇಖಕಿ ಪಕ್ಕದಲ್ಲಿ ಶಾಲು ಮಡಚಿ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೇಳುತ್ತಾ ಕೂತಿದ್ದರು. ಕೊನೆಗೆ ಅವರಿಗೆ ಮೈಕ್ ಸಿಕ್ಕಿತು. ಕಥೆಯಿಂದ ಒಂದು ಪುಟ ಓದುತ್ತೇನೆ ಎಂದರು. ಮೈಕ್ ಕುಯ್ ಅಂತ ಕೂಗಿತು, ಹುಡುಗ ಓಡಿ ಬಂದು ಸರಿ ಮಾಡಿದ, ಮತ್ತೆ ಕೂಗಿತು. ಅರ್ಧ ಪುಟ ಓದುವಷ್ಟರಲ್ಲಿ ನಿರೂಪಕರು ಬಂದು ಅವರ ಮುಂದೆ ಚೀಟಿ ಇಟ್ಟರು. ಅವರು ಚೀಟಿ ನೋಡಿದರು, ಪುಸ್ತಕ ಮುಚ್ಚಿದರು, 'ಎಲ್ಲರಿಗೂ ನಮಸ್ಕಾರ' ಎಂದರು. ವಂದನಾರ್ಪಣೆಗೆ ಹೊತ್ತಿತ್ತು, ಸಭಿಕರ ಪ್ರಶ್ನೆಗೆ ಹೊತ್ತಿರಲಿಲ್ಲ.

ನನಗೆ ನಿಜವಾಗಲೂ ಸಿಟ್ಟು ಬಂತು. ಅವರು ಅವತ್ತು ಓದಲು ತೆಗೆದುಕೊಂಡ ಭಾಗ ಎಂಥದ್ದು ಅಂತ ಗೊತ್ತಾ? ಹುಣಸೆಹಣ್ಣಿನ ಬೀಜ ಬಿಡಿಸುವ ಹೆಂಗಸರದ್ದು. ತುಮಕೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ಕೂತು ಹೆಂಗಸರು ಹುಣಸೆ ಬಡಿದು, ನಾರು ತೆಗೆದು, ಬೀಜ ಬಿಡಿಸುತ್ತಾರೆ, ಕೂಲಿ ಕೆಜಿ ಲೆಕ್ಕದಲ್ಲಿ. ಕಥೆಯಲ್ಲಿ ಒಬ್ಬ ಮುದುಕಿಯ ಬೆರಳ ಸಂದಿ ಒಡೆದು ಹುಳಿ ಉರಿಯುತ್ತಿರುತ್ತದೆ, ಅವಳು ಬೆರಳಿಗೆ ಹರಳೆಣ್ಣೆ ಹಚ್ಚಿಕೊಂಡು ಮತ್ತೆ ಕೂರುತ್ತಾಳೆ, ಸೊಸೆ ಅದನ್ನು ನೋಡಿಯೂ ನೋಡದ ಹಾಗಿರುತ್ತಾಳೆ, ಯಾಕೆಂದರೆ ಸೊಸೆಯ ಬೆರಳೂ ಹಾಗೇ ಆಗಿದೆ. ಇದನ್ನು ಬರೆದವರ ಬಾಯಿಂದಲೇ ಕೇಳುವ ಅವಕಾಶ ನಮ್ಮೂರಿನವರಿಗೆ ದಿನಾ ಸಿಗುವುದಿಲ್ಲ. ಅದಕ್ಕೆ ಅರ್ಧ ಪುಟದ ಹೊತ್ತೂ ಉಳಿಸದಿದ್ದರೆ 'ಲೇಖಕರೊಂದಿಗೆ ಸಂವಾದ' ಅಂತ ಯಾಕೆ ಅಚ್ಚು ಹಾಕಿಸಬೇಕು?

ಶನಿವಾರ ನಾನು ಹೋದದ್ದು ಪುಸ್ತಕ ಕೊಳ್ಳಲು. ಲೇಖಕಿ ಇರುತ್ತಾರೆ ಅಂತ ಎಲ್ಲೂ ಬರೆದಿರಲಿಲ್ಲ, ಯಾರೂ ಮೈಕಿನಲ್ಲಿ ಹೇಳಲೂ ಇಲ್ಲ. ಹಿಂದಿನ ಸಾಲಿನ ಒಂದು ಸಣ್ಣ ಮಳಿಗೆಯಲ್ಲಿ, ಪ್ಲಾಸ್ಟಿಕ್ ಕುರ್ಚಿ ಮೇಲೆ, ಪುಸ್ತಕದ ಡಬ್ಬಗಳ ಮಧ್ಯೆ ಅವರು ಕೂತಿದ್ದರು. ಮಳಿಗೆಯ ಹುಡುಗ ಒಂದು ರಟ್ಟಿನ ಡಬ್ಬದ ಮುಚ್ಚಳ ಹರಿದು, ಅದರ ಮೇಲೆ ಮಾರ್ಕರಿನಲ್ಲಿ 'ಲೇಖಕಿ ಇಲ್ಲೇ ಇದ್ದಾರೆ, ಮಾತಾಡಿಸಿ' ಎಂದು ಬರೆದು ಮುಂದೆ ನಿಲ್ಲಿಸಿದ್ದ. ಇಡೀ ಮೇಳದಲ್ಲಿ ನನಗೆ ತುಂಬಾ ಇಷ್ಟವಾದ ಬೋರ್ಡು ಅದೇ. ಇಷ್ಟೇ ಸಾಕು. ಫ್ಲೆಕ್ಸ್ ಬೇಡ, ಹಾರ ಬೇಡ. ಬರೆದವರು ಇಲ್ಲಿದ್ದಾರೆ ಅಂತ ಗೊತ್ತಾದರೆ ಓದುವವರು ತಾವಾಗಿಯೇ ಬರುತ್ತಾರೆ.

ಬಂದರು ಕೂಡ. ಮೊದಮೊದಲು ಒಬ್ಬೊಬ್ಬರೇ, ಸಂಕೋಚದಿಂದ, ಪುಸ್ತಕ ತಿರುವಿ ಹಾಕುತ್ತಾ ಓರೆಗಣ್ಣಲ್ಲಿ ನೋಡುತ್ತಾ. ಅವರು ತಾವೇ ಮಾತು ಶುರು ಮಾಡುತ್ತಿದ್ದರು, 'ಯಾವ ಊರಮ್ಮ ನಿಂದು?', 'ಏನಪ್ಪ ಓದ್ತಾ ಇದ್ದೀಯಾ?' ಊರಿನ ಹೆಸರು ಹೇಳಿದರೆ ಆ ಊರಿನಲ್ಲಿ ಯಾರೋ ಒಬ್ಬರು ಅವರಿಗೆ ಗೊತ್ತಿರುತ್ತಿದ್ದರು, ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ಗೊತ್ತಿಲ್ಲದ ಊರು ಯಾವುದು. ಮಾತಾಡಿಸಿದ ಮೇಲೆ ಪುಸ್ತಕ ಕೊಳ್ಳಿ ಅಂತ ಒಬ್ಬರಿಗೂ ಹೇಳಿದ್ದನ್ನು ನಾನು ನೋಡಲಿಲ್ಲ.

ಸಹಿ ಹಾಕುವ ರೀತಿಯೇ ಬೇರೆ. ಹೆಸರು ಕೇಳಿ, ಅಕ್ಷರ ಸರಿ ಇದೆಯಾ ಎಂದು ಇನ್ನೊಂದು ಸಲ ಕೇಳಿ, ಪುಟದ ಕೆಳಗಡೆ ಓದುಗರ ಹೆಸರು, ಅವರ ಊರು, ತಾರೀಖು ಬರೆದು ಅದರ ಕೆಳಗೆ ಸಣ್ಣದಾಗಿ ತಮ್ಮ ಸಹಿ. ಒಬ್ಬರು ಇಂಕ್ ಪೆನ್ ಕೊಟ್ಟರೆ ಬೇಡ ಎಂದರು, 'ಈ ಪೇಪರಿಗೆ ಇಂಕು ಹರಡತ್ತೆ, ಹಿಂದಿನ ಪುಟಕ್ಕೂ ಇಳಿಯತ್ತೆ' ಎಂದು ತಮ್ಮ ಬಾಲ್ ಪೆನ್ನನ್ನೇ ತೆಗೆದರು. ಬರೆದ ಮೇಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ನನ್ನ ಮಗಳ ಪ್ರತಿಯಲ್ಲಿ 'ನಿನಗೆ ಇಷ್ಟ ಆಗದ ಕಥೆ ಯಾವುದು ಅಂತ ತಿಳಿಸು' ಎಂದು ಬರೆದಿದ್ದಾರೆ. ಅವಳು ಅದನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡು ಈಗ ಕಥೆಗಳಿಗೆಲ್ಲಾ ಪೆನ್ಸಿಲ್ಲಿನಲ್ಲಿ ಮಾರ್ಕ್ಸ್ ಹಾಕುತ್ತಿದ್ದಾಳೆ.

ಅಲ್ಲಿ ನಡೆದ ಒಂದು ಮಾತುಕತೆ ಹೇಳಲೇಬೇಕು. ಸುಮಾರು ನಲವತ್ತು ವರ್ಷದ ಒಬ್ಬ ಹೆಂಗಸು ಮಗಳ ಜೊತೆ ಬಂದಿದ್ದರು, ಸಿರಾ ಕಡೆಯವರು. ಮಗಳು ಕಾಲೇಜಿನ ಲೈಬ್ರರಿಯಿಂದ ತಂದ ಸಂಕಲನವನ್ನು ಅಮ್ಮನೂ ಓದಿದ್ದರಂತೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಹೇಳಿದರು, 'ಮೇಡಂ, ಹುಣಸೆಹಣ್ಣಿನ ಕಥೇಲಿ ನೀವು ಹಾಕಿರೋ ಕೂಲಿ ಹಳೇದು. ಈಗ ಅಷ್ಟಕ್ಕೆ ಯಾರೂ ಬರಲ್ಲ.' ಅಲ್ಲಿದ್ದವರಿಗೆಲ್ಲಾ ಒಂದು ಕ್ಷಣ ಏನೂ ತೋಚಲಿಲ್ಲ. ಲೇಖಕಿ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು, 'ಹೌದಾ? ಯಾವಾಗಿಂದ ಜಾಸ್ತಿ ಆಯ್ತಮ್ಮ? ಸಿಪ್ಪೆ ತೆಗೆಯೋಕೆ ಬೇರೆ, ಬೀಜಕ್ಕೆ ಬೇರೆ ಕೊಡ್ತಾರಾ?' ಎಂದು ಕೇಳುತ್ತಾ ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡರು. ಹತ್ತು ನಿಮಿಷ ಇಬ್ಬರೂ ಹುಣಸೆಯ ಬಗ್ಗೆಯೇ ಮಾತಾಡಿದರು. ಯಾವ ಮರದ ಹಣ್ಣು ಕೆಂಪು, ಯಾವುದು ಬೇಗ ಕಪ್ಪಾಗುತ್ತದೆ, ಉಪ್ಪು ಹಾಕಿ ಹೇಗೆ ಕಟ್ಟಿಡಬೇಕು, ಮಂಡಿಯಲ್ಲಿ ತೂಕಕ್ಕೆ ಎಷ್ಟು ಮುರಿಯುತ್ತಾರೆ. ಹಿಂದೆ ನಿಂತಿದ್ದವರು ಒಬ್ಬರೂ ಬೇಗ ಮಾಡಿ ಅನ್ನಲಿಲ್ಲ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಸಂವಾದ ಅಂದರೆ ಇದು. ಹಿಂದಿನ ಸಂಜೆ ಅಷ್ಟು ದೀಪ, ಅಷ್ಟು ಕುರ್ಚಿ, ಅಷ್ಟು ಭಾಷಣ ಇದ್ದೂ ಆಗದ ಕೆಲಸ ಆ ಧೂಳಿನ ಮೂಲೆಯಲ್ಲಿ ಆಯಿತು.

ಇನ್ನೊಬ್ಬ ಹುಡುಗ ಬಂದು ಬೂಕರ್ ಬಗ್ಗೆ ಕೇಳಿದ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ ಪ್ರಶಸ್ತಿ ಕಥಾ ಸಂಕಲನವೊಂದಕ್ಕೆ ಸಿಕ್ಕಿದ್ದು ಅದೇ ಮೊದಲು. ಮಳಿಗೆಯ ಹುಡುಗನೂ ಹೇಳುತ್ತಿದ್ದ, ಮೊದಲು ಕಾದಂಬರಿ ಇದೆಯಾ ಎಂದು ಕೇಳುತ್ತಿದ್ದವರು ಈಗ ಸಣ್ಣ ಕಥೆ ಇದೆಯಾ ಎಂದೂ ಕೇಳುತ್ತಾರೆ ಅಂತ. ಲೇಖಕಿ ಆ ಹುಡುಗನಿಗೆ ಹೇಳಿದ್ದು, 'ಅವರು ಎಷ್ಟು ವರ್ಷದಿಂದ ಬರೀತಿದ್ದಾರೆ ನೋಡು, ಆಮೇಲೆ ಪ್ರಶಸ್ತಿ ನೋಡು.' ಅಷ್ಟು ಹೇಳಿ ಅವನು ಬರೆದ ಕವಿತೆ ತೋರಿಸು ಎಂದರು. ಅವನು ಕವಿತೆ ಬರೆಯುತ್ತಾನೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ, ಮೊಬೈಲಿನಿಂದ ತೆಗೆದು ತೋರಿಸಿಯೇ ಬಿಟ್ಟ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕೊನೆಯ ನಾಲ್ಕು ಸಾಲು ಬೇಡ ಎಂದರು. ಅವನ ಮುಖ ಸಪ್ಪಗಾಗಲಿಲ್ಲ. ಅಲ್ಲೇ ನಿಂತು ಆ ನಾಲ್ಕು ಸಾಲು ಅಳಿಸಿದ.

ಲೇಖಕರು ಪುಸ್ತಕದ ಪಕ್ಕ ಕೂರುವುದು ಅವರ ಘನತೆಗೆ ಕಡಿಮೆ ಅಂತ ನಮ್ಮಲ್ಲಿ ಕೆಲವರು ಅಂದುಕೊಂಡಿದ್ದಾರೆ. ಶನಿವಾರವೇ ಒಬ್ಬರು ನನ್ನ ಹತ್ತಿರ ಹಾಗೆ ಅಂದರು. ನನಗೆ ಒಪ್ಪಿಗೆಯಿಲ್ಲ. ಗಳಗನಾಥರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದ್ದು ಅಂಥವರು. ಓದುವವರ ಎದುರು ಕೂರುವುದರಲ್ಲಿ ಎಂಥ ಅವಮಾನ? ಅವಮಾನ ಇರುವುದು ಗಂಟೆಗಟ್ಟಲೆ ವೇದಿಕೆ ಮೇಲೆ ಕೂರಿಸಿ ಚೀಟಿ ಕೊಟ್ಟು ಎಬ್ಬಿಸುವುದರಲ್ಲಿ.

ಕೊಳ್ಳುವ ವಿಷಯಕ್ಕೆ ಬಂದರೆ ಮೇಳ ಚೆನ್ನಾಗಿತ್ತು. ಹೆಚ್ಚಿನ ಕಡೆ ಶೇಕಡಾ 10 ರಿಯಾಯಿತಿ, ಕೆಲವು ಪ್ರಕಾಶಕರು ತಮ್ಮದೇ ಪುಸ್ತಕಕ್ಕೆ 20ರವರೆಗೂ ಕೊಟ್ಟರು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಮುಖಬೆಲೆ ನೋಡಿ ಲೆಕ್ಕ ಹಾಕಿಕೊಳ್ಳಬಹುದು, ಬಿಲ್ಲಿನಲ್ಲಿ ಮತ್ತೇನೂ ಸೇರುವುದಿಲ್ಲ. ಮಕ್ಕಳಿಗೆ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಚಿತ್ರದ ಪುಸ್ತಕ ಬೇಕಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನವು ಹುಡುಕಿ, ಹಳೆಯ ಕಾವ್ಯ, ಸಮಗ್ರ ಸಂಪುಟ ಬೇಕಾದರೆ ಕನ್ನಡ ಪುಸ್ತಕ ಪ್ರಾಧಿಕಾರದ್ದು ನೋಡಿ. ಎಲ್ಲಾ ಕಡೆ ಫೋನ್‌ಪೇ ನಡೆಯುತ್ತಿತ್ತು, ಸಂಜೆ ಹೊತ್ತು ನೆಟ್‌ವರ್ಕ್ ಕೈಕೊಡುತ್ತಿತ್ತು, ಸ್ವಲ್ಪ ನಗದು ಇಟ್ಟುಕೊಂಡಿರಿ.

ಹೆಂಗಸರು ಈ ಸಲ ಬಹಳ ಜನ ಬಂದಿದ್ದರು, ಅದನ್ನು ನೋಡಿ ಸಂತೋಷವಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಸಿರಾದ ಆ ತಾಯಿ ಮಗಳೂ ಹಾಗೇ ಬಂದವರು. 'ಚಾರ್ಜ್ ಉಳೀತಲ್ಲ, ಅದರಲ್ಲಿ ಒಂದು ಪುಸ್ತಕ ಬಂತು' ಎಂದು ಮಗಳು ಹೇಳಿದ್ದು ನನ್ನ ಕಿವಿಗೇ ಬಿತ್ತು.

ಭಾನುವಾರದ್ದು ಕಾಲೇಜು ವಿದ್ಯಾರ್ಥಿಗಳ ಜೊತೆ ಕಾರ್ಯಕ್ರಮ, ಬೆಳಗ್ಗೆ 11ಕ್ಕೆ. ಪರೀಕ್ಷೆ ಹತ್ತಿರ ಇದ್ದರೂ ಹುಡುಗರು ಬಂದಿದ್ದರು. ಮೊದಲ ಅರ್ಧ ಗಂಟೆ ನೀರಸ. ಅರ್ಧ ಜನರನ್ನು ಲೆಕ್ಚರರ್‌ಗಳು ಸಹಿ ಹಾಕಿಸಿಕೊಂಡು ಕೂರಿಸಿದ್ದರು ಅನ್ನೋದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಹಿಂದಿನ ಸಾಲು ಪೂರ್ತಿ ಮೊಬೈಲು. ಆದರೆ ಅವತ್ತು ಒಂದು ಒಳ್ಳೆಯದಾಯಿತು. ಬರಬೇಕಾಗಿದ್ದ ಅತಿಥಿಗಳು ಬರಲಿಲ್ಲ. ಹಾಗಾಗಿ ಭಾಷಣವೂ ಇಲ್ಲ, ಸನ್ಮಾನವೂ ಇಲ್ಲ. ಲೇಖಕಿ ವೇದಿಕೆ ಇಳಿದು ಬಂದು ಹುಡುಗರ ಮಧ್ಯೆ ಒಂದು ಕುರ್ಚಿ ಹಾಕಿಕೊಂಡು, ಶುಕ್ರವಾರ ನಿಲ್ಲಿಸಿದ ಆ ಪುಟವನ್ನು ಮೊದಲಿಂದ ಓದಿದರು. ಮೈಕ್ ಇಲ್ಲದೆ. ಕ್ಲಾಸಿನಲ್ಲಿ ಪಾಠ ಹೇಳಿದ ಗಂಟಲು, ಕೊನೆಯ ಸಾಲಿಗೂ ಕೇಳಿಸುತ್ತಿತ್ತು. ಮುದುಕಿ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುವ ಸಾಲಿಗೆ ಬಂದಾಗ ಮುಂದೆ ಕೂತಿದ್ದ ಒಬ್ಬ ಹುಡುಗಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಹಿಂದಿನ ಸಾಲಿನಲ್ಲಿ ಮೊಬೈಲು ಒಂದೊಂದೇ ಕೆಳಗಿಳಿದವು.

ಆಮೇಲೆ ಪ್ರಶ್ನೆ. ಮೊದಲು ಯಾರೂ ಏಳಲಿಲ್ಲ. ಒಬ್ಬ ಹುಡುಗ ಎದ್ದು, 'ಮೇಡಂ, ಬುಕ್ ಬರೆದರೆ ದುಡ್ಡು ಬರುತ್ತಾ?' ಎಂದ. ಲೆಕ್ಚರರ್ ಒಬ್ಬರು ಅವನನ್ನು ಕೂರು ಎಂದು ಗದರಿಸಿದರು. ಲೇಖಕಿ ಅವರನ್ನು ತಡೆದು, ಅವನಿಗೆ ಲೆಕ್ಕ ಹೇಳಿದರು. 'ನನ್ನ ಪುಸ್ತಕದ ಬೆಲೆ 200 ರೂಪಾಯಿ. ಶೇಕಡಾ 10 ರಾಯಲ್ಟಿ, ಅಂದರೆ ಒಂದು ಪ್ರತಿಗೆ 20 ರೂಪಾಯಿ. ಅಚ್ಚು ಹಾಕಿದ್ದು 500. ಎಲ್ಲಾ ಖರ್ಚಾದರೆ ನನಗೆ ಎಷ್ಟು?' ಹುಡುಗರೇ ಒಟ್ಟಿಗೆ 'ಹತ್ತು ಸಾವಿರ' ಎಂದು ಕೂಗಿದರು. 'ಖರ್ಚಾಗೋಕೆ ಎರಡು ಮೂರು ವರ್ಷ ಹಿಡಿಯುತ್ತೆ' ಎಂದರು. ಅಲ್ಲಿಗೆ ಸದ್ದೇ ಇಲ್ಲ. 'ಅದಕ್ಕೇ ನಾನು ಟೀಚರ್ ಕೆಲಸ ಬಿಡಲಿಲ್ಲ. ನೀನೂ ಬರಿ, ಜೊತೆಗೆ ಒಂದು ಕೆಲಸ ನೋಡ್ಕೋ' ಎಂದು ಆ ಹುಡುಗನಿಗೆ ಹೇಳಿದರು. ಹೊಸಬರಿಗೆ ಇಷ್ಟು ನೇರವಾಗಿ ಲೆಕ್ಕ ಹೇಳುವವರನ್ನು ನಾನು ವೇದಿಕೆಗಳಲ್ಲಿ ನೋಡಿಲ್ಲ. ಗ್ರಂಥಾಲಯಕ್ಕೆ ಸಗಟಿನಲ್ಲಿ ಪುಸ್ತಕ ಹೋಗುವುದು, ಅದರ ಬಿಲ್ಲು ಬರುವುದಕ್ಕೆ ಪ್ರಕಾಶಕರು ಎಷ್ಟು ಕಾಯಬೇಕು ಅನ್ನೋದನ್ನೂ ಕೇಳಿದವರಿಗೆ ಹೇಳಿದರು. ಆ ಮೇಲೆ ಕೈಗಳು ಏಳುತ್ತಲೇ ಇದ್ದವು. ಕಥೆ ಎಲ್ಲಿಂದ ಶುರು ಮಾಡಬೇಕು, ನಮ್ಮ ಕಡೆ ಮಾತಿನಲ್ಲೇ ಬರೆದರೆ ಬೇರೆಯವರಿಗೆ ಅರ್ಥ ಆಗುತ್ತಾ, ಮನೆಯವರ ಕಥೆ ಬರೆದರೆ ಮನೆಯವರು ಬೈಯಲ್ವಾ. ಮುಗಿದಾಗ ಒಂದೂವರೆ. ಊಟಕ್ಕೆ ಹೋಗಬೇಕು ಎಂದು ಲೆಕ್ಚರರ್‌ಗಳೇ ಎಬ್ಬಿಸಿದರು.

ನಡೆಸಿದವರ ಶ್ರಮ ಚಿಕ್ಕದಲ್ಲ, ಅದು ನನಗೂ ಗೊತ್ತು. ಪೆಂಡಾಲ್, ಕರೆಂಟು, ಪರ್ಮಿಷನ್, ಪ್ರಕಾಶಕರನ್ನು ಬೇರೆ ಬೇರೆ ಊರಿಂದ ಕರೆಸುವುದು, ಎಲ್ಲಾ ಮಾಡಿದ್ದಾರೆ. ಪುಸ್ತಕಕ್ಕೆ ಸೇರುವ ಊರು ನಮ್ಮದು, 2002ರಲ್ಲಿ ಯು.ಆರ್. ಅನಂತಮೂರ್ತಿಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೇ ಇಲ್ಲಿ ಆಗಿತ್ತು. ಹಾಗಾಗಿ ಕೇಳುತ್ತಿದ್ದೇನೆ. ಉದ್ಘಾಟನೆ ಬೇರೆ ಇಡಿ, ಲೇಖಕರ ಕಾರ್ಯಕ್ರಮ ಬೇರೆ ಇಡಿ. ಒಂದೇ ವೇದಿಕೆಗೆ ಎರಡನ್ನೂ ತುರುಕಿದರೆ ಹೊತ್ತು ಹೋಗುವುದು ಯಾವಾಗಲೂ ಲೇಖಕರದ್ದೇ. ಲೇಖಕರ ಮಾತು ಮಧ್ಯಾಹ್ನ ಮೂರಕ್ಕೆ ಇಟ್ಟರೆ ಪಾವಗಡದವರೂ ಕೇಳಿಸಿಕೊಂಡು ಮನೆ ಸೇರಬಹುದು. ಯಾರು ಯಾವ ಮಳಿಗೆಯಲ್ಲಿ ಎಷ್ಟು ಗಂಟೆಗೆ ಇರುತ್ತಾರೆ ಅಂತ ದ್ವಾರದ ಹತ್ತಿರ ಒಂದು ಹಲಗೆ ಮೇಲೆ ದಿನಾ ಬರೆಯಿರಿ, ಮೈಕಿನಲ್ಲಿ ಹೇಳಿ. ಒಂದು ಮೇಜು, ಒಂದು ಫ್ಯಾನು, ಎರಡು ಕುರ್ಚಿ ಕೊಡಿ, ಎರಡನೆಯದು ಓದುಗರಿಗೆ. ಇನ್ನೊಂದು ವಿಷಯ, ಹೇಳಲು ಸಂಕೋಚ ಆದರೂ ಹೇಳುತ್ತೇನೆ. ಅವರಿಗೆ ಮೂರು ದಿನಕ್ಕೂ ಸೇರಿ ಶಾಲು, ಹಣ್ಣಿನ ಬುಟ್ಟಿ ಬಿಟ್ಟರೆ ಗೌರವಧನ ಅಂತ ಏನೂ ಕೊಟ್ಟಿಲ್ಲ ಅಂತ ಮಳಿಗೆಯವರಿಂದ ತಿಳಿಯಿತು. ಶಾಮಿಯಾನದವರಿಗೆ, ಮೈಕಿನವರಿಗೆ, ಫ್ಲೆಕ್ಸಿನವರಿಗೆ ದುಡ್ಡು ಕೊಡುತ್ತೇವೆ. ಬರೆದವರಿಗೆ ಕೊಡುವಾಗ ಮಾತ್ರ ಕೈ ಯಾಕೆ ಹಿಂದೆ ಹೋಗಬೇಕು?

ಓದುಗರಿಗೆ ಒಂದು ಮಾತು. ಮುಂದಿನ ಮೇಳಕ್ಕೆ ಹೋದರೆ ಹಿಂದಿನ ಸಾಲಿನ ಸಣ್ಣ ಮಳಿಗೆಗಳಿಗೆ ಮೊದಲು ಹೋಗಿ, ದೊಡ್ಡವರದ್ದು ಬೆಂಗಳೂರಿನಲ್ಲೂ ಸಿಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಹೋದರೆ ಜನ ಕಡಿಮೆ, ಅಲ್ಲಿ ಕೂತಿರುವವರು ಲೇಖಕರಾ ಎಂದು ಕೇಳಿ, ಬಹಳ ಸಲ ಹೌದು ಅನ್ನುತ್ತಾರೆ. ಮಾತಾಡಿಸಲು ಅವರ ಪುಸ್ತಕ ಓದಿರಲೇಬೇಕು ಅಂತೇನಿಲ್ಲ.

ಆ ಕಥಾ ಸಂಕಲನ ಭಾನುವಾರ ಮಧ್ಯಾಹ್ನವೇ ಮುಗಿದುಹೋಯಿತು. ತಂದದ್ದೇ ಒಂದು ಡಬ್ಬ, ವಿದ್ಯಾರ್ಥಿಗಳ ಕಾರ್ಯಕ್ರಮ ಮುಗಿದ ಮೇಲೆ ಹುಡುಗರು ದುಡ್ಡು ಸೇರಿಸಿಕೊಂಡು ಬಂದಾಗ ಕೊಡಲು ಇರಲಿಲ್ಲ. ಅಂಚೆಯಲ್ಲಿ ಕಳಿಸಿ ಎಂದು ಕೇಳಿದರೆ ಮಳಿಗೆಯ ಹುಡುಗ ತಲೆ ಕೆರೆದುಕೊಂಡ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗೆ ಕಡಿಮೆ ದರದಲ್ಲಿ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದ ಮೇಲೆ, ಒಂದು ಪುಸ್ತಕ ಕಳಿಸಿದರೆ ಕೊಟ್ಟ ರಿಯಾಯಿತಿಯೆಲ್ಲಾ ಅಂಚೆ ಖರ್ಚಿಗೇ ಹೋಗುತ್ತದಂತೆ. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲರ ಹೆಸರು, ಫೋನ್ ನಂಬರ್ ಬರೆದುಕೊಂಡ, ಮರುಮುದ್ರಣ ಆದ ಮೇಲೆ ತುಮಕೂರಿನ ಒಂದು ಅಂಗಡಿಗೆ ಒಟ್ಟಿಗೆ ಕಳಿಸುತ್ತಾರಂತೆ, ಅಲ್ಲಿಂದ ತೆಗೆದುಕೊಳ್ಳಬೇಕು. ನಾನೂ ಎರಡು ಪ್ರತಿ ಎಂದು ಬರೆಸಿದ್ದೇನೆ, ಒಂದು ಪಾವಗಡದಲ್ಲಿರುವ ತಂಗಿಗೆ, ಇನ್ನೊಂದು ಮಗಳ ಸ್ಕೂಲಿನ ಲೈಬ್ರರಿಗೆ.